ಹೆಲ್ಮೆಟ್ ಕಾಯ್ದವನು

ಶಿರ್ತಾಡಿ
೧೬ ಫೆಬ್ರವರಿ ೨೦೦೪, ಸೋಮವಾರ

ಪ್ರೀತಿಯ ಶೇಖರನಿಗೆ ಮೂಸಬ್ಬನ ಸಲಾಂ.

ಮಸ್ಕತ್ತಿನಲ್ಲಿ ನೀನು ಚೆನ್ನಾಗಿರಬಹುದು. ಇಲ್ಲಿ ನಿನ್ನ ಮನೆಯವರೂ ನನ್ನ ಮನೆಯವರೂ ಚೆನ್ನಾಗಿದ್ದಾರೆ. ಕುಶಲ ಮುಗಿಯಿತು, ಇನ್ನು ವಿಷಯ. ಕ್ಯಾಪ್ಟನ್ ಬದಲಾದ. ನಮ್ಮ ‘ಚುಕ್ಕಿಯಾಚೆ’ ಧಾರಾವಾಹಿಯ ಆಕಾಶನೌಕೆಗೆ ನಿನ್ನ ಜಾಗದಲ್ಲಿ ಹೊಸ ಕ್ಯಾಪ್ಟನ್ ಬಂದು, ನಿನ್ನೆ ಭಾನುವಾರ ಅದು ಕೇಬಲ್ಲಿನಲ್ಲಿ ತೋರಿಸಿಯೂ ಆಯಿತು. ನೀನು ಕೊಟ್ಟುಹೋದ ಹೆಲ್ಮೆಟ್ಟನ್ನು ಶೂಟಿಂಗಿಗೆ ಒಯ್ದು ಕೊಟ್ಟವನು ನಾನೇ. ಬೈಯುವುದಿದ್ದರೆ ಪೂರ್ತಿ ಓದಿ ಬೈ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಒಂದು ಹೇಳಿದರೆ ನಾನು ಎರಡು ಹೇಳುತ್ತೇನೆ, ಜಗಳದಲ್ಲೇ ನಿನ್ನ ಕಾರ್ಡು ಮುಗಿಯುತ್ತದೆ. ಕಾಗದಕ್ಕೆ ತಿರುಗಿ ಮಾತಾಡಲು ಬರುವುದಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಸಹಿಸಿಕೋ.

ನೀನು ಹೊರಟ ದಿನ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಹೆಲ್ಮೆಟ್ ನನ್ನ ಕೈಗಿಟ್ಟು, “ಮೂಸಾಕ, ನಾನು ವಾಪಸ್ ಬರುವ ತನಕ ಇದು ಬೇರೆ ಯಾರ ತಲೆಗೂ ಹೋಗಬಾರದು” ಎಂದಿದ್ದೆ. ನಾನು ಹೂಂ ಎಂದೆ. ನೀನು ಎದುರು ಸ್ಟೇರಿಂಗ್ ಹಿಡಿದು, ನಾನು ಹಿಂದೆ ಟಿಕೆಟ್ ಹರಿದು ಇಷ್ಟು ವರ್ಷ ಒಂದೇ ಬಸ್ಸಿನಲ್ಲಿ ಸವೆದವರು. ನಿನಗೆ ಹೇಳಿದ ಹೂಂ ಸುಮ್ಮನೆ ಹೇಳಿದ್ದಲ್ಲ. ಸ್ಕೂಟರಿನ ಹೆಲ್ಮೆಟ್ಟಿಗೆ ಬೆಳ್ಳಿ ಬಣ್ಣ ಬಳಿದು, ಎರಡು ಕಡೆ ರಿಕ್ಷಾದ ಇಂಡಿಕೇಟರ್ ಸಿಕ್ಕಿಸಿದ ಆ ವಸ್ತುವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಸೈನಬ, “ನನ್ನ ಚಿನ್ನಕ್ಕೆ ಯಾವತ್ತಾದರೂ ಇಷ್ಟು ಬೀಗ ಹಾಕಿದ್ದುಂಟಾ?” ಎಂದು ಕೇಳಿದಳು.

ನೀನು ಹೋದ ಮೇಲೆ ರಂಜಿತ್ ಹಳೆಯ ಕ್ಯಾಸೆಟ್ಟುಗಳನ್ನೇ ತಿರುಗಿಸಿ ತಿರುಗಿಸಿ ಹಾಕಿದ. ಕೇಬಲ್ ಅವನದು, ಕ್ಯಾಮೆರಾ ಅವನದು, ಕಥೆಯೂ ಅವನದು. ಎಷ್ಟು ದಿನ ಎಳೆದಾನು? ಮಳೆಗಾಲ ಮುಗಿಯುವಾಗ ಬೇರೆ ಕ್ಯಾಪ್ಟನ್ ಹುಡುಕುತ್ತಾನೆಂದು ಸುದ್ದಿಯಾಯಿತು. ಆವತ್ತಿನಿಂದ ಇಲ್ಲಿಯ ಪೇಟೆ ಎರಡು ಪಾಲಾಯಿತು. ಒಂದು ಪಾಲು ಶೇಖರ ಬಾರದೆ ನೌಕೆ ಹೊರಡಬಾರದು ಎನ್ನುವವರು. ಅವರ ಮುಖಂಡ ನಾನು. ಇನ್ನೊಂದು ಪಾಲಿಗೆ ಹೋಟೆಲಿನ ಸುಬ್ಬಯ್ಯ. ಅವನ ಹೋಟೆಲಿನಲ್ಲೇ ಕೂತು, ಅವನದೇ ಚಾ ಕುಡಿದು, ಅವನಿಗೇ ಬೈಯುವುದು ನಮ್ಮ ದಿನಚರಿಯಾಯಿತು.

“ನಿನ್ನ ಕ್ಯಾಪ್ಟನ್ ಅಲ್ಲಿ ಒಂಟೆಗೆ ಹಾರ್ನ್ ಹೊಡೆದುಕೊಂಡು ಲಾರಿ ಓಡಿಸ್ತಾ ಇದ್ದಾನೆ. ಇಲ್ಲಿ ನೌಕೆ ಯಾರು, ನಿನ್ನ ಅಜ್ಜ ಓಡಿಸ್ತಾನಾ?” ಎಂದು ಅವನು ಒಂದು ದಿನ ಎಲ್ಲರ ಎದುರು ಕೇಳಿದ.

“ನಿನ್ನ ಗೋಳಿಬಜೆಯ ಅಡುಗೆಯವ ಬದಲಾದ ದಿನ ಅರ್ಧ ಪೇಟೆ ಎದುರಿನ ಹೋಟೆಲಿಗೆ ಹೋದದ್ದು ಮರೆತೆಯಾ ಮಾರಾಯ?” ಎಂದೆ. ಮರುದಿನ ನನ್ನ ಚಾಕ್ಕೆ ಸಕ್ಕರೆ ಇರಲಿಲ್ಲ.

ಡಿಸೆಂಬರಿನಲ್ಲಿ ರಂಜಿತ್ ಬಂಟ್ವಾಳದಿಂದ ಅಜ್ಮಲ್ ಎಂಬ ಹುಡುಗನನ್ನು ತಂದ. ಮೊಬೈಲ್ ಅಂಗಡಿಯವನು, ಜಿಮ್ಮಿನ ಮೈ, ನೋಡಲು ಚಂದ. ಹೆಲ್ಮೆಟ್ ಕೇಳಿಕೊಂಡು ರಂಜಿತ್ ನನ್ನ ಮನೆಗೆ ಬಂದ. ನಾನು ಕೊಡಲಿಲ್ಲ. ಹೊಸ ಹೆಲ್ಮೆಟ್ ಕೊಂಡ, ಕಪ್ಪು ಬಣ್ಣದ್ದು. ಮುಖ ಬದಲಾದದ್ದಕ್ಕೆ ಕಾರಣ ಬೇಕಲ್ಲ, ಕ್ಯಾಪ್ಟನ್ ಸೂರ್ಯಕಾಂತನ ಮುಖ ಧೂಮಕೇತುವಿನ ಬೆಂಕಿಗೆ ಸುಟ್ಟು, ಬೇರೆ ಗ್ರಹದ ಡಾಕ್ಟರು ಆಪರೇಷನ್ ಮಾಡಿ ಸರಿ ಮಾಡಿದರು ಎಂದು ಕಥೆ ಕಟ್ಟಿದ. ಅರ್ಧ ಗಂಟೆಯ ಆಟದಲ್ಲಿ ಕಾಲು ಗಂಟೆ ಬ್ಯಾಂಡೇಜ್ ಬಿಚ್ಚಿದ್ದೇ ಆಯಿತು. ಬಿಚ್ಚಿ ಮುಗಿಯುವಾಗ ಹೋಟೆಲಿನಲ್ಲಿ ಯಾರೋ, “ಸುಟ್ಟರೆ ಇಷ್ಟು ಬೆಳ್ಳಗೆ ಆಗ್ತದಾದರೆ ನನ್ನ ಮುಖಕ್ಕೂ ಒಂದು ಕೊಳ್ಳಿ ಇಡಿ” ಎಂದರು. ಆ ನಗೆಗೆ ಮುಂದಿನ ಡೈಲಾಗ್ ಯಾರಿಗೂ ಕೇಳಲಿಲ್ಲ. ಬೆಳ್ತಂಗಡಿ ಕಡೆಯವರು ಅದನ್ನು ನೋಡಲೇ ಇಲ್ಲ. ಲಾಯಿಲದ ಕೇಬಲಿನವನಿಗೆ ಕ್ಯಾಸೆಟ್ ಹೋಗುವುದು ನಮ್ಮ ಬಸ್ಸಿನಲ್ಲಲ್ಲವೇ. ಲಗೇಜ್ ಜಾಸ್ತಿ ಉಂಟು ಎಂದು ಹೇಳಿ ನಾನು ಅದನ್ನು ಹತ್ತಿಸಲಿಲ್ಲ.

ಅಜ್ಮಲ್ ಒಂದೇ ವಾರಕ್ಕೆ ಇಳಿದ. ರಂಜಿತ್ ಆಟ ನಿಲ್ಲಿಸಿದ. ನಾನು ಗೆದ್ದೆ. ಗೆದ್ದೆನೆಂದು ನಿನಗೆ ಬರೆದೆ, ನೀನು ಖುಷಿಯಿಂದ ಉತ್ತರ ಬರೆದೆ. ಆ ಕಾಗದ ಬಂದದ್ದು ಒಂದು ಶನಿವಾರ. ಮರುದಿನ ಭಾನುವಾರ ಸಂಜೆ ಟಿವಿ ಹಾಕಿದರೆ ನಮ್ಮ ಚಾನೆಲ್ಲಿನಲ್ಲಿ ಒಂದು ಚಿನ್ನದಂಗಡಿಯ ಬೋರ್ಡು ಮಾತ್ರ ನಿಂತಿತ್ತು, ಅದರ ಕೆಳಗೆ ಶುಭಾಶಯ. ಅದನ್ನೇ ನೋಡುತ್ತಾ ಕೂತೆ. ನಿನ್ನ ಕಾಗದ ಮಡಿಲಲ್ಲಿತ್ತು. ಧಾರಾವಾಹಿ ನಡೆದ ಏಳು ವರ್ಷದಲ್ಲಿ ಆ ಹೊತ್ತಿಗೆ ನಾನು ನೋಡಲು ಏನೂ ಇಲ್ಲದೆ ಕೂತದ್ದೇ ಇಲ್ಲ.

ಆಮೇಲೆ ರಂಜಿತ್ ಇನ್ನೊಂದು ಸುದ್ದಿ ಹೇಳಿದ. ಬೆಳುವಾಯಿಯ ಮುಚ್ಚಿದ ಅಕ್ಕಿ ಮಿಲ್ಲು, ನಿನ್ನ ನೌಕೆ, ಗುಜರಿಯವನಿಗೆ ಹೋಗುತ್ತದಂತೆ. ಶೂಟಿಂಗ್ ನಡೆಯುವುದಾದರೆ ಇರಲಿ, ಇಲ್ಲದಿದ್ದರೆ ತಿಂಗಳ ಕೊನೆಗೆ ಮೆಷಿನು ಬಿಚ್ಚುತ್ತೇನೆಂದು ಮಿಲ್ಲಿನ ಧಣಿ ಹೇಳಿದರಂತೆ. ನೀನು ಎಳೆಯುತ್ತಿದ್ದ ಆ ದೊಡ್ಡ ಲಿವರ್ ಸಮೇತ.

ಇದನ್ನು ನಾನು ಸುಬ್ಬಯ್ಯನ ಹೋಟೆಲಿನಲ್ಲಿ ಹೇಳಿದೆ. ಅವನು ಬೈಯುತ್ತಾನೆಂದು ತಯಾರಾಗಿ ಹೋಗಿದ್ದೆ. ಬೈಯಲಿಲ್ಲ. ಬಂದು ಎದುರು ಕೂತ.

“ಮೊನ್ನೆ ಗದ್ದೆಯ ಯಕ್ಷಗಾನದ ಆಟಕ್ಕೆ ನನ್ನ ಪಕ್ಕದಲ್ಲಿ ಚಾಪೆ ಹಾಕಿ ಕೂತವ ನೀನಲ್ವಾ?” ಎಂದು ಕೇಳಿದ.

“ಹೌದು. ಅದಕ್ಕೆಂತ ಈಗ?”

“ಮೊದಲು ಕುಣಿದ ಅರ್ಜುನ ಸಪೂರದ ಹುಡುಗ. ನಾವು ಚಾ ಕುಡಿದು ಬರುವಾಗ ಅರ್ಜುನನಿಗೆ ಹೊಟ್ಟೆ ಬಂದಿತ್ತು, ಪ್ರಾಯವೂ ಆಗಿತ್ತು. ಭಾಗವತರು ಕಾರಣ ಹೇಳಿದರಾ? ಅರ್ಜುನನ ಮುಖ ಸುಟ್ಟಿತು ಅಂತ ಪದ ಹಾಡಿದರಾ? ನೀನು ಎದ್ದು ನಿಂತು ಮೊದಲಿನವ ಎಲ್ಲಿ ಅಂತ ಕೇಳಿದೆಯಾ? ಕಿರೀಟ ಅದೇ ಉಂಟು, ಸಾಕು ಅಂತ ಬೆಳಗಿನ ತನಕ ಕೂತೆ. ಈ ಕಿರೀಟ ಎಲ್ಲಿ ಉಂಟು ಮೂಸಬ್ಬ? ನಿನ್ನ ಕಪಾಟಿನಲ್ಲಿ.”

ಶೇಖರ, ಚಾ ಹಾಗೇ ಬಿಟ್ಟು ಎದ್ದು ಬಂದೆ. ಮನೆಗೆ ಬಂದು ಸೈನಬನಿಗೆ ಕಾರಣವಿಲ್ಲದೆ ಬೈದೆ. ಆಮೇಲೆ ಯೋಚಿಸಿದೆ. ನಾನು ನಿನಗೆ ಮಾತು ಕೊಟ್ಟದ್ದು ನಿನ್ನ ಜಾಗ ಉಳಿಸಲು. ನೀನು ಬರುವಾಗ ನೌಕೆಯೇ ಗುಜರಿಗೆ ಹೋಗಿದ್ದರೆ, ಆ ಹೆಲ್ಮೆಟ್ ಹಾಕಿಕೊಂಡು ನೀನು ಹೋಗುವುದಾದರೂ ಎಲ್ಲಿಗೆ? ಇಂಡಿಕೇಟರ್ ಹಾಕಿಕೊಂಡು ಸ್ಕೂಟರಿನಲ್ಲೂ ಹೋಗಲಾಗದು.

ಮರುದಿನ ಬಸ್ಸಿಗೆ ರಜೆ ಹಾಕಿ ಹೆಲ್ಮೆಟ್ ಚೀಲದಲ್ಲಿ ಹಾಕಿ ಬೆಳುವಾಯಿಗೆ ಹೋದೆ. ರಂಜಿತನಿಗೆ ಹೇಳಿದೆ, “ಬೆಂಕಿ ಬೇಡ, ಬ್ಯಾಂಡೇಜ್ ಬೇಡ, ಡಾಕ್ಟರು ಬೇಡ. ಕಾರಣ ಕೊಟ್ಟರೆ ಜನ ಕಾರಣ ಕೇಳ್ತಾರೆ. ಬಾಗಿಲು ತೆಗಿ, ಹೆಲ್ಮೆಟ್ ಹಾಕಿದವ ಒಳಗೆ ಬರಲಿ, ಅವನೇ ಕ್ಯಾಪ್ಟನ್.” ಜನ ಕೇಳಿದರೆ ಎಂತ ಮಾಡುವುದು ಎಂದ. ನನ್ನ ಹತ್ತಿರ ಕಳುಹಿಸು ಎಂದೆ.

ಮೂರು ಹುಡುಗರನ್ನು ಕರೆಸಿದ್ದ. ಪಾಪ, ಅಜ್ಮಲನೂ ಮತ್ತೆ ಬಂದಿದ್ದ. ನೀನು ಹೇಗೆ ಬರುತ್ತಿದ್ದೆ, ಹೇಗೆ ಕೂರುವ ಮೊದಲು ಒಮ್ಮೆ ಸೀಟು ತಟ್ಟುತ್ತಿದ್ದೆ ಎಂದು ನಾನು ಹೇಳಿ ಕೊಟ್ಟೆ. ಒಬ್ಬ ಬ್ಯಾಂಕಿಗೆ ಸಾಲ ಕೇಳಲು ಬಂದ ಹಾಗೆ ಬಂದ. ಇನ್ನೊಬ್ಬ ಮದುಮಗನ ಹಾಗೆ. ಅಷ್ಟರಲ್ಲಿ ಪರಗ್ರಹದ ವೇಷ ಹಾಕಿದವರು, ಲೈಟಿನವರು, ನೋಡಲು ಬಂದವರು ಎಲ್ಲರೂ ನೌಕೆಯ ಬಾಗಿಲಲ್ಲೇ ತುಂಬಿ ನಿಂತು ದಾರಿ ಬಿಡಲಿಲ್ಲ. ನನಗೆ ತಲೆ ಕೆಟ್ಟಿತು. “ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಜಾಗ ಉಂಟು, ಮುಂದೆ ಹೋಗಿ, ಮುಂದೆ” ಎಂದು ಬಸ್ಸಿನ ಸ್ವರದಲ್ಲೇ ಕೂಗಿದೆ. ಅಷ್ಟೂ ಜನ ಒಂದೇ ಸಲಕ್ಕೆ ಒಳಗೆ ಹೋದರು. ಹಸಿರು ಮುಖದ ಪರಗ್ರಹದವನು ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ಚಿಲ್ಲರೆ ಹುಡುಕಿದ.

ಎಂಜಿನಿಯರ್ ಪಾತ್ರದ ಸುರಕ್ಷಾ, ನಿನಗೆ ಗೊತ್ತುಂಟಲ್ಲ, ಕಂಪ್ಯೂಟರ್ ಕ್ಲಾಸಿನ ಹುಡುಗಿ, ಅವಳು ನಕ್ಕು ನಕ್ಕು ಮಿಲ್ಲಿನ ನೆಲದಲ್ಲೇ ಕೂತಳು. “ಮೂಸಾಕ, ಏಳು ವರ್ಷದಲ್ಲಿ ಈ ನೌಕೆ ನಿಜವಾಗಿ ಹೊರಡ್ತದೆ ಅಂತ ಇವತ್ತೇ ಅನಿಸಿದ್ದು” ಎಂದಳು. ನಿನಗೆ ಬೇಸರವಾದರೆ ಅವಳಿಗೇ ಬರೆ, ಹೇಳಿದ್ದು ನಾನಲ್ಲ. ರಂಜಿತ್ ನನ್ನನ್ನು ನೋಡಿದ. ನಾನು ಬೇಡವೆಂದೆ. ಪ್ರಾಯ ಅರವತ್ತೊಂದು, ಗಡ್ಡ ಬಿಳಿ, ಓದಲು ಕನ್ನಡಕ ಬೇಕು ಎಂದೆ. ಹೆಲ್ಮೆಟ್ಟನ್ನು ನನ್ನ ತಲೆಗೆ ಹಾಕಿದ್ದು ಅಜ್ಮಲ್. “ನನಗಿಂತ ನಿಮಗೆ ಆಗ್ತದೆ ಕಾಕ” ಎಂದ. ಆ ಹುಡುಗನ ಕ್ಯಾಸೆಟ್ಟನ್ನು ಬಸ್ಸು ಹತ್ತಿಸದವನು ನಾನು. ಅದು ಅವನಿಗೆ ಗೊತ್ತಿತ್ತು. ಈಗ ಅವನು ನನ್ನ ನೌಕೆಯ ಡ್ರೈವರ್. ಅವನನ್ನು ಯಾರೂ ಬೇಡವೆನ್ನುವ ಹಾಗಿಲ್ಲ.

ಹಾಗೆ ಹೊಸ ಕ್ಯಾಪ್ಟನ್ ನಾನು. ಬರೆದಾಯಿತು. ಈಗ ಬೇಕಾದರೆ ಬೈ, ಆದರೆ ನಿನ್ನೆಯದನ್ನು ಕೇಳಿ ಬೈ.

ನಿನ್ನೆ ಸಂಜೆ ಸುಬ್ಬಯ್ಯನ ಹೋಟೆಲಿನಲ್ಲಿ ಬೆಂಚು ಸಾಲದೆ ಜನ ರಸ್ತೆಯಲ್ಲಿ ನಿಂತಿದ್ದರು. ನಿನ್ನ ಶಶಿಪ್ರಭಾ ಮಕ್ಕಳನ್ನು ಕರೆದುಕೊಂಡು ಎದುರೇ ಬಂದು ಕೂತಿದ್ದಳು. ನಾನು ಹಿಂದೆ ಗೋಡೆಗೆ ಒರಗಿ ನಿಂತೆ. ಟಿವಿಯಲ್ಲಿ ನೌಕೆಯ ಬಾಗಿಲು ತೆರೆಯಿತು. ಹೆಲ್ಮೆಟ್ ಬಂತು, ಎರಡೂ ಇಂಡಿಕೇಟರ್ ಮಿಣುಕಿದವು. ಸೀಟು ತಟ್ಟಿ ಕೂತೆ. ಸುರಕ್ಷಾ ಎದ್ದು ನಿಂತು, ಎಂದಿನ ಹಾಗೆ, “ಕ್ಯಾಪ್ಟನ್, ಎಂಜಿನ್ ಸಿದ್ಧ” ಎಂದಳು. ಮೊದಲಿನವ ಎಲ್ಲಿ ಎಂದು ಅವಳು ಕೇಳಲಿಲ್ಲ, ಯಾರೂ ಕಾರಣ ಹೇಳಲಿಲ್ಲ. ನೀನು ಆ ಜಾಗದಲ್ಲಿ ಹೇಳುತ್ತಿದ್ದ “ಮುನ್ನಡೆಯಲಿ” ನನ್ನ ಬಾಯಿಗೆ ಹೊಂದಲಿಲ್ಲ. ಅದು ನಿನ್ನದು, ಮುಟ್ಟಲೂ ಇಲ್ಲ. ನಾನು ನನ್ನದು, ಬಸ್ಸು ಹೊರಡಿಸಲು ದಿನಾ ಕೂಗುವುದನ್ನು ಹೇಳಿದೆ. “ರೈಟ್, ಪೋಯಿ.”

ಸುಬ್ಬಯ್ಯ ಸೌಟು ಹಿಡಿದವನು ಹಾಗೇ ನಿಂತಿದ್ದ. ನಾನು ಮೆಲ್ಲ ಹಿಂಬಾಗಿಲು ನೋಡಿದೆ. ಆಗ ರಸ್ತೆಯಿಂದ ಯಾರೋ, “ಕ್ಯಾಪ್ಟನ್, ಇದಕ್ಕೆ ನಾರಾವಿಯಲ್ಲಿ ಸ್ಟಾಪ್ ಉಂಟಾ?” ಎಂದು ಕೂಗಿದರು. ಆಮೇಲೆ ನಡೆದದ್ದನ್ನು ಬರೆಯಲು ನನಗೆ ಬರುವುದಿಲ್ಲ. ಬೆಂಚು ಬಡಿದರು, ಸಿಳ್ಳೆ ಹೊಡೆದರು. ಸುಬ್ಬಯ್ಯ ಅಷ್ಟೂ ಜನರಿಗೆ ಚಾ ಕೊಟ್ಟ, ನನ್ನದಕ್ಕೆ ಸಕ್ಕರೆ ಎರಡು ಪಾಲು. ಶಶಿಪ್ರಭಾ ಹೋಗುವಾಗ ನನ್ನ ಹತ್ತಿರ ಬಂದು, “ಅವರಿಗಿಂತ ಕೋಪ ನಿಮಗೆ ಚೆನ್ನಾಗಿ ಬರ್ತದೆ. ನಗು ಅವರದ್ದೇ ಚಂದ” ಎಂದಳು. ನ್ಯಾಯದ ಮಾತು. ಸೈನಬ ಪಕ್ಕದ ಮನೆಯಲ್ಲಿ ನೋಡಿದಳಂತೆ. “ಪರಗ್ರಹದವರಿಗೆ ನಮಗಿಂತ ಕಡಿಮೆ ಬೈದಿರಿ” ಎಂದಳು, ಅಷ್ಟೇ. ಆದರೆ ರಾತ್ರಿ ತುಪ್ಪದ ಅನ್ನ ಮಾಡಿದ್ದಳು.

ಇವತ್ತು ಬೆಳಿಗ್ಗೆ ಕ್ಯಾಸೆಟ್ಟನ್ನು ನಾನೇ ಮಡಿಲಲ್ಲಿಟ್ಟುಕೊಂಡು ಲಾಯಿಲಕ್ಕೆ ಒಯ್ದೆ. ಹೋಗುವ ದಾರಿಯಲ್ಲಿ ಫುಟ್‌ಬೋರ್ಡಿನ ಕಾಲೇಜು ಹುಡುಗರು, ನಾನು ಎಷ್ಟೋ ವರ್ಷ ಗಂಟಲು ಹರಿದುಕೊಂಡರೂ ಒಳಗೆ ಹೋಗದವರು, ಒಂದು ಸೆಲ್ಯೂಟ್ ಹೊಡೆದು ತಾವಾಗಿ ಒಳಗೆ ಹೋದರು. ಹೊಸ ಡ್ರೈವರಿಗೆ ನಾನು ಸೀಟಿ ಊದುವ ಮೊದಲೇ ಬಸ್ಸಿಡೀ ಒಂದೇ ಸ್ವರದಲ್ಲಿ “ರೈಟ್, ಪೋಯಿ” ಎಂದಿತು. ಮಿಲ್ಲಿನ ಧಣಿ ಮೆಷಿನು ಬಿಚ್ಚುವುದಿಲ್ಲವೆಂದು ರಂಜಿತನಿಗೆ ಹೇಳಿ ಕಳುಹಿಸಿದ್ದಾರೆ. ಅವರ ಮೊಮ್ಮಗನಿಗೆ ಪರಗ್ರಹದ ವೇಷ ಬೇಕಂತೆ.

ಈಗ ನನ್ನ ತೀರ್ಮಾನ ಕೇಳು. ನೀನು ರಜೆಯಲ್ಲಿ ಬಂದ ವಾರ ನಾನು ನೌಕೆಯ ಹಿಂಬಾಗಿಲಿನಿಂದ ಇಳಿಯುತ್ತೇನೆ, ನೀನು ಮುಂಬಾಗಿಲಿನಿಂದ ಹತ್ತು. ಹೆಲ್ಮೆಟ್ ಅದೇ. ಯಾರೂ ಕಾರಣ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಬಸ್ಸಿನಲ್ಲಿ ಇಷ್ಟು ವರ್ಷ ನಮ್ಮಿಬ್ಬರ ಬಾಗಿಲು ಹಾಗೇ ಇದ್ದದ್ದು. ಒಪ್ಪಿಗೆಯಾದರೆ ಬರೆ. ಒಪ್ಪಿಗೆಯಿಲ್ಲದಿದ್ದರೂ ಬರೆ, ನಾನು ಓದಿ ಬೈದು ಆಮೇಲೆ ಹಾಗೇ ಮಾಡುತ್ತೇನೆ.

ನಿನ್ನ ಸೀಟಿನ ಹಿಂದೆ ನಿಂತವನು,
ಮೂಸಬ್ಬ
(ಭಾನುವಾರ ಮಾತ್ರ ಕ್ಯಾಪ್ಟನ್)

ಮೇಲೆ ಬರೆಯದೆ ಬಿಟ್ಟದ್ದು: ಅಜ್ಮಲ್ ನನಗೆ ಹೆಲ್ಮೆಟ್ ಹಾಕಿದಾಗ ಅದು ನನ್ನ ತಲೆಗೆ ಅಳತೆ ತೆಗೆದ ಹಾಗೆ ಕೂತದ್ದು ನೋಡಿ ಮಿಲ್ಲಿನಲ್ಲಿ ಎಲ್ಲರಿಗೂ ಆಶ್ಚರ್ಯ. ನಾನೂ ಆಶ್ಚರ್ಯಪಟ್ಟ ಹಾಗೆ ಮಾಡಿದೆ. ನಿನ್ನನ್ನು ಬೀಳ್ಕೊಟ್ಟು ಬಂದ ದಿನವೇ ಕನ್ನಡಿಯ ಎದುರು ಹಾಕಿ ನೋಡಿದ್ದೆ. ಆಮೇಲೆಯೂ ನೋಡಿದ್ದುಂಟು. ಸೈನಬನಿಗೆ ಗೊತ್ತು, ಅವಳು ಹೇಳುವ ಮೊದಲು ನಾನೇ ಬರೆದೆ. ಹಾಗೆ ಹಾಕಿ ನೋಡುವಾಗ ಒಮ್ಮೆ ಎಡಗಡೆಯ ಇಂಡಿಕೇಟರ್ ಕಪಾಟಿಗೆ ತಾಗಿ ಒಡೆಯಿತು. ಹೊಸತು ಹಾಕಿಸಿದ್ದೇನೆ. ಮೊದಲಿನದಕ್ಕಿಂತ ಚೆನ್ನಾಗಿ ಉರಿಯುತ್ತದೆ.