ಶೋಕೇಸಿನಲ್ಲಿಟ್ಟ ರೌಟರ್

ದಾವಣಗೆರೆ, ಮೂರನೇ ಅಂತಸ್ತು
ಎರಡನೇ ಆಷಾಢದ ಮೂವತ್ತೆಂಟು, ೨೩೧೧

ನಮ್ಮ ವಂಶದ ಹಿರಿಯಜ್ಜಿ ನೀಲಾಂಬಿಕೆಯವರಿಗೆ,

ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ. ಈ ಪತ್ರವನ್ನು ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿನಲ್ಲಿ ಹಾಕುತ್ತಿದ್ದೇನೆ.

ನಮ್ಮಲ್ಲಿ ಇಂಟರ್ನೆಟ್ಟಿನ ವೇಗ ಪಿತ್ರಾರ್ಜಿತ. ನಿಮ್ಮ ಕಾಲದಲ್ಲಿ ಅಳತೆಯವರು ಬಂದು, ಪ್ರತಿ ಮನೆಯ ಕಂಪ್ಯೂಟರಿಗೆ ಎಷ್ಟು ವೇಗ ಮುಟ್ಟುತ್ತಿದೆಯೋ ಅದನ್ನೇ ಆ ವಂಶದ ಪಾಲೆಂದು ಖಾಯಂ ಮಾಡಿದರು. ಅದಕ್ಕೆ ಪಾಲುವೇಗ ಎನ್ನುತ್ತೇವೆ. ಒಬ್ಬರ ಪಾಲನ್ನು ಇನ್ನೊಬ್ಬರಿಗೆ ಕೊಟ್ಟರೆ ಜೈಲು. ಮದುವೆಗೆ ಈಗ ಯಾರೂ ಜಾತಕ ನೋಡುವುದಿಲ್ಲ, ಪಾಲುವೇಗ ಕೇಳುತ್ತಾರೆ. ನಮ್ಮದನ್ನು ಹೇಳಿದರೆ ಬಂದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಒಲೆ, ಬಾಗಿಲು, ನಲ್ಲಿ ಎಲ್ಲವೂ ಇದರಿಂದಲೇ ನಡೆಯುವುದರಿಂದ ನಲ್ಲಿ ತಿರುಗಿಸಿ ನೀರಿಗೆ ಕಾಯುತ್ತ ನಿಲ್ಲುವುದು ನಮ್ಮ ಮನೆಯ ರೂಢಿ. ಇದನ್ನೆಲ್ಲ ಸಹಿಸಿಕೊಂಡಿದ್ದೆ.

ಈಗ ನನ್ನ ಮಗಳು ಇಂಚರಳ ಕಿವಿ ಮಂದವಾಗುತ್ತಿದೆ. ನಮ್ಮ ವೈದ್ಯರು ಎಲ್ಲೋ ಕೂತು, ರೋಗಿಯ ಮನೆಯಲ್ಲಿರುವ ಯಂತ್ರದ ಕೈಯನ್ನು ಆಡಿಸಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅದು ದೂರಗೈ. ಮೊನ್ನೆ ಆ ಕೈ ಅವಳ ಕಿವಿಯ ಹತ್ತಿರ ಬಂದು ತಡವರಿಸಿ ನಿಂತಿತು. “ಈ ಸ್ಪೀಡಿಗೆ ಕೈ ಇಡಾಕಾಗಲ್ಲಮ್ಮ, ನರ ಕಡಿದೋಗ್ತತಿ” ಎಂದು ವೈದ್ಯರು ಅಲ್ಲಿಂದಲೇ ಕೈ ಹಿಂದೆಗೆದುಬಿಟ್ಟರು. ಪಕ್ಕದ ಮನೆಯ ಹುಡುಗಿಗೆ ಇದೇ ಚಿಕಿತ್ಸೆ ಸಲೀಸಾಗಿ ಆಯಿತು.

ಆಮೇಲೆ ನಿಮ್ಮ ಧ್ವನಿಯನ್ನು ಹುಡುಕಿ ಕೇಳಿದೆ. ಕರೆಗಳನ್ನು ರೆಕಾರ್ಡ್ ಮಾಡುತ್ತೇವೆ ಎಂದು ಇಂಟರ್ನೆಟ್ ಕಂಪನಿಯವರು ಹೇಳುತ್ತಿದ್ದರಲ್ಲ, ನಿಜಕ್ಕೂ ಇಟ್ಟಿದ್ದಾರೆ. ನೆಟ್ ನಿಧಾನವೆಂದು ನೀವೇ ಬೈಯುತ್ತೀರಿ. ರೌಟರಿನಿಂದ ಕಂಪ್ಯೂಟರಿಗೆ ವೈರ್ ಎಳೆಯಿರಿ ಎಂದು ಫೋನೆತ್ತಿದ ಕಂಪನಿಯಾತ ಬೇಡಿಕೊಂಡರೆ, “ಹೊಸಾ ಪೇಂಟ್ ಹೊಡ್ಸೀವಿ, ವೈರ್ ಎಳದ್ರೆ ಗ್ವಾಡೆ ಅಸಯ್ಯ ಕಾಣ್ತತಿ. ರೌಟರ್ ಶೋಕೇಸ್‌ನಾಗೆ ಸ್ಟೀಲ್ ಡಬ್ಬಿ ಹಿಂದೆ ಐತಿ, ಧೂಳು ಕೂರಬಾರ್ದಂತ ಕಸೂತಿ ಬಟ್ಟೆನೂ ಹೊದ್ಸೀನಿ” ಎನ್ನುತ್ತೀರಿ. ಅಭಿಮಾನದಿಂದ ಎನ್ನುತ್ತೀರಿ! ಆ ಗೋಡೆ ಬಿದ್ದು ಎಷ್ಟೋ ತಲೆಮಾರಾಯಿತು. ನಿಮ್ಮ ಮೇಲೆ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿದೆ.

ಅಳತೆಯವರು ಬರುವ ಮೊದಲು ಆ ಬಟ್ಟೆ ತೆಗೆಯಿರಿ. ರೌಟರನ್ನು ಶೋಕೇಸಿನಿಂದ ಹೊರಗಿಡಿ. ಕಂಪ್ಯೂಟರಿಗೆ ನೇರವಾಗಿ ವೈರ್ ಎಳೆಯಿರಿ, ಗೋಡೆ ಹಾಳಾದರೆ ಆಗಲಿ. ತೆರೆದು ಮರೆತ ಹತ್ತಾರು ಟ್ಯಾಬುಗಳನ್ನು ಮುಚ್ಚಿ, ನಿಮಗೆ ಗೊತ್ತಿಲ್ಲದಂತೆ ಇಳಿಯುತ್ತಿರುವ ಅಪ್‌ಡೇಟುಗಳನ್ನು ನಿಲ್ಲಿಸಿ. ನೀವು ಮಾಡುವುದಿಲ್ಲವೆಂದು ಗೊತ್ತು. ಮಾಡಿದ್ದರೆ ಈ ಪತ್ರವೇ ಬೇಕಾಗುತ್ತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಇಂಚರಳಿಗೆ ಏನೂ ಕೇಳಿಸದು ಎಂದಿದ್ದಾರೆ. ಈಗ ಎದ್ದಿದ್ದಾಳೆ, ಕರೆಯುತ್ತಿದ್ದಾಳೆ. ಅವಳಿಗೆ ಹೇಳಬೇಕಾದದ್ದು ಬಹಳವಿದೆ. ನಿಮಗೆ ಹೇಳಿದ್ದು ಸಾಕು.

ತೇಜಾವತಿ