ಪಡಸಾಲೆಯ ನಡುವಿನ ಗೋಡೆ

ದಂಡೋತಿ

ಚಿರಂಜೀವಿ ಸಂಗಮೇಶನಿಗೆ, ಗೋಡೆಯ ಈ ಕಡೆಯಿಂದ ನಿನ್ನವ್ವನ ಆಶೀರ್ವಾದ.

ಕೂಗಿ ಹೇಳಬಹುದಿತ್ತು. ಕೂಗಿದರೆ ನಿಮ್ಮಣ್ಣ, "ಯವ್ವಾ, ಆ ಕಡಿ ಮಂದಿ ಕೂಡ ನಿಂದೇನು ಮಾತು?" ಅಂತಾನೆ. ಒಂದೇ ಮೊಲೆ ಉಂಡವರು ಈಗ ಆ ಕಡೆಯ ಮಂದಿ, ಈ ಕಡೆಯ ಮಂದಿ ಆಗಿದ್ದೀರಿ.

ಸಂತೆಗೆ ಹೋದರೆ ನನಗೆ ಎಲೆ, ಸುಣ್ಣ ತಾ. ಒಳಕಲ್ಲು ನಿನ್ನ ಪಾಲಿಗೆ ಬಂದಿದೆ, ತೊಳೆಸಿಡು. ನಿನ್ನ ಹೆಂಡತಿ ಅದರ ಮೇಲೆ ಚಪ್ಪಲಿ ಇಡುತ್ತಾಳಂತೆ.

ನಿಮ್ಮಣ್ಣನ ಮಗಳು ದಾನಮ್ಮನಿಗೆ ಶಾಲೆಯ ಪುಸ್ತಕವನ್ನು ಅಕ್ಷರ ಕೂಡಿಸಿ ಓದಿಸುತ್ತಿದ್ದೇನೆ. ಅದರಲ್ಲಿ ಮನೆಯವರೆಲ್ಲ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಚಿತ್ರವಿದೆ. "ಯಮ್ಮಾ, ಇವರ ಗ್ವಾಡಿ ಎಲ್ಲದ?" ಎಂದು ಹುಡುಗಿ ನನ್ನನ್ನು ಕೇಳಿತು. ನಿಮ್ಮಣ್ಣ ಅಲ್ಲೇ ಕುಳಿತಿದ್ದ, ಎದ್ದು ಹೊರಗೆ ಹೋದ.

ಈಗ ಕೆಲಸದ ಮಾತು. ನಾಳೆ ಗೌಂಡಿ ಗೋಡೆಗೆ ಗಾರೆ ಬಳಿದು ಗಿಲಾವು ಮಾಡಲು ಬರುತ್ತಾನೆ. ಅಷ್ಟರೊಳಗೆ ಅದರಲ್ಲಿ ಒಂದು ಬಾಗಿಲು ಬಿಡಿಸು. ಓಡಾಡಲಿಕ್ಕಲ್ಲ, ಕಾಲಿರುವ ತನಕ ನಾನು ಬೀದಿಯಿಂದ ಸುತ್ತಿ ಬರುತ್ತೇನೆ.

ನಿಮ್ಮಪ್ಪ ಲಿಂಗೈಕ್ಯರಾದಾಗ ಪಡಸಾಲೆಯ ನಡುಗಂಬಕ್ಕೆ ಆನಿಸಿ ಕುಳ್ಳಿರಿಸಿದ್ದೆವು. ನೀವಿಬ್ಬರೂ ಆಚೆ ಈಚೆ ಕುಳಿತು ಹಿಡಿದುಕೊಂಡಿದ್ದಿರಿ. ಈಗ ಆ ಕಂಬವನ್ನೇ ಗೋಡೆಯೊಳಗೆ ಹುಗಿದಿದ್ದೀರಿ. ನಾನು ಸತ್ತರೆ ಎಲ್ಲಿ ಕುಳ್ಳಿರಿಸುತ್ತೀರಿ? ನಿಮ್ಮಣ್ಣನ ಕಡೆ ಕುಳ್ಳಿರಿಸಿದರೆ ನೀನು ಬರುವುದಿಲ್ಲ. ನಿನ್ನ ಕಡೆ ಕುಳ್ಳಿರಿಸಿದರೆ ಅವನು ಬರುವುದಿಲ್ಲ.

ಬಾಗಿಲಿದ್ದರೆ ಹೊಸ್ತಿಲ ಮೇಲೆ ಕುಳ್ಳಿರಿಸಿರಿ. ಆಮೇಲೆ ಇಬ್ಬರೂ ನಿಮ್ಮ ನಿಮ್ಮ ಮನೆಯಲ್ಲೇ ಕುಳಿತು, ಒಬ್ಬರ ಮುಖ ಒಬ್ಬರು ನೋಡದೆ ಅಳಬಹುದು.

ಇತಿ,
ಇನ್ನೂ ಪಾಲಾಗದ ನಿನ್ನವ್ವ
ಗುರುದೇವಿ