ಊಟವಿಲ್ಲದ ದಿನದ ಮಾತ್ರೆ

ಕಾರ್ತಿಕ ಏಕಾದಶಿ, ಬೆಳಿಗ್ಗೆ

ಯಕ್ಷಿತಾಳ ಅಪ್ಪನಿಗೆ,

ನಮಸ್ಕಾರ, ಕ್ಷೇಮ ಇವೆಲ್ಲ ಆಮೇಲೆ. ಮೊದಲು ಎದ್ದು ಹೋಗಿ ನಿಮ್ಮ ಅಮ್ಮನಿಗೆ ಬೆಳಗಿನ ಮಾತ್ರೆ ಕೊಟ್ಟು ಬನ್ನಿ. ನೀರಿನ ಜೊತೆ ಕೊಡಿ, ಹಾಲಿನ ಜೊತೆ ಬೇಡ. ಯಾಕೆ ಅಂತ ಕೇಳುತ್ತಾ ನಿಲ್ಲಬೇಡಿ. ಅದನ್ನೇ ಈ ಕಾಗದದಲ್ಲಿ ಬರೆದಿದ್ದೇನೆ, ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ಕೊಟ್ಟಿರಾ? ಇಲ್ಲ ಅಂತ ನನಗೆ ಗೊತ್ತು. ನನ್ನ ಅಕ್ಷರ ಕಂಡ ಕೂಡಲೇ, ಶುರುವಾಯಿತು ಇವಳದ್ದು ಅಂತ ನಿಮ್ಮ ಹುಬ್ಬು ಮೇಲೆ ಹೋಗಿರುತ್ತದೆ. ಹೋಗಲಿ, ಓದಿ. ಬೆಳಿಗ್ಗೆಯಿಂದ ಫೋನ್ ಮಾಡಿದೆ, ಪ್ರತಿಸಲ ಕಟ್ ಮಾಡಿದಿರಿ. ಮೆಸೇಜು ಕಳಿಸಿದರೆ ಒಂದೇ ಟಿಕ್ಕು, ಅಂದರೆ ನನ್ನನ್ನು ಬ್ಲಾಕ್ ಮಾಡಿದ್ದೀರಿ. ಯಕ್ಷಿತಾಳ ಬಾಯಲ್ಲಿ ಹೇಳಿಸಿದರೆ ಅವಳಮ್ಮ ಹೇಳಿಕೊಟ್ಟದ್ದು ಅನ್ನುತ್ತೀರಿ. ಕಾಗದ ಒಂದೇ ಉಳಿಯಿತು. ಚಕ್ಕುಲಿ ಕಟ್ಟಿಕೊಟ್ಟ ಪೇಪರಿನ ಚೂರನ್ನೂ ಬಿಡಿಸಿ ಓದುವ ಜನ ನೀವು, ಇದನ್ನು ಓದದೆ ಹರಿಯಲಾರಿರಿ ಅನ್ನುವ ಒಂದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ಯಕ್ಷಿತಾ ಕಾಲೇಜಿನಿಂದ ನಿಮ್ಮಲ್ಲಿಗೆ ಬಂದಿದ್ದಳಲ್ಲ. ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತಾ ನಗಾಡಿಕೊಂಡು ಹೇಳಿದಳು, "ಮಮ್ಮಿ, ಅಜ್ಜಿಗೆ ಆಜ್ ಮೆಡಿಸಿನ್‌ನಿಂದ ಛುಟ್ಟಿ. ಏಕಾದಶಿ ಹೈ ನಾ." ನಾನು ಚಹಾದ ಪಾತ್ರೆಯನ್ನು ಕೆಳಗಿಟ್ಟೆ. ಮದ್ದಿಗೆ ರಜೆ ಯಾರು ಕೊಟ್ಟದ್ದು ಅಂತ ಕೇಳಿದೆ. ಅಜ್ಜಿಯೇ ಹೇಳಿದ್ದಂತೆ, ಒಂದು ದಿನಕ್ಕೆ ಏನೂ ಆಗುವುದಿಲ್ಲ, ಒಣಸ್ ಇಜ್ಜಿ, ಮರ್ದ್‌ಲಾ ಇಜ್ಜಿ ಅಂತ. ಊಟ ಇಲ್ಲ, ಮದ್ದೂ ಇಲ್ಲ. ನೀವು ಪಕ್ಕದಲ್ಲಿ ಕೂತು ಹೌದು ಹೌದು ಅಂತ ತಲೆ ಆಡಿಸಿದಿರಂತೆ. ಚಹಾ ಅಲ್ಲೇ ಬಿಟ್ಟು ಫೋನ್ ಹಿಡಿದೆ.

ಈಗ ಹೇಳುವ ಮಾತನ್ನು ದಸರಾ ಕಳೆದಂದಿನಿಂದ ಬಾಯಿಗೆ ಬೀಗ ಹಾಕಿಕೊಂಡು ಇಟ್ಟುಕೊಂಡಿದ್ದೆ. ಇವತ್ತು ಹೇಳದೆ ಇದ್ದರೆ ಅಮ್ಮ ಮತ್ತೆ ಆಸ್ಪತ್ರೆಗೆ ಹೋಗುತ್ತಾರೆ, ಈ ಸಲ ವಾಪಸು ಬರುತ್ತಾರೆ ಅನ್ನುವ ನಂಬಿಕೆ ನನಗಿಲ್ಲ. ನೀವು ಇದನ್ನು ನನ್ನ ಸೇಡು ಅಂದುಕೊಳ್ಳಬಹುದು. ಹಾಗೆ ಅಂದುಕೊಂಡಾದರೂ ಓದಿ.

ನವರಾತ್ರಿಗೆ ಅಮ್ಮ ನನ್ನ ಮನೆಯಿಂದ ನಿಮ್ಮಲ್ಲಿಗೆ ಬಂದರು. ನಿಮ್ಮ ಮನೆಯಲ್ಲಿ ಕಲಶ ಇಡುತ್ತೀರಿ, ಅವರು ಮೊದಲಿನಿಂದಲೂ ಒಂಬತ್ತು ದಿನ ಅನ್ನ ಮುಟ್ಟುವವರಲ್ಲ. ಅವರ ಚೀಲದಲ್ಲಿ ಮಾತ್ರೆ ಇಟ್ಟು ಕಳಿಸಿದ್ದೆ. ನಿಮಗೆ ಫೋನಿನಲ್ಲಿ ಹೇಳಿದ್ದೆ, ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಿ ಅಂತ. ಸರಿ ಅಂದಿರಿ. ವಿಜಯದಶಮಿಯ ಸಂಜೆ ವಿಕ್ರೋಳಿಯ ನನ್ನ ಮನೆಗೆ ಕರೆತಂದು ಬಿಟ್ಟಾಗ ಅಮ್ಮ ರಿಕ್ಷಾದಿಂದ ಇಳಿಯಲಾರದೆ ಕೂತಿದ್ದರು. ವ್ರತದ ಆಯಾಸ, ಎರಡು ಹೊತ್ತು ಗಂಜಿ ಕುಡಿದರೆ ಸರಿಯಾಗುತ್ತಾರೆ ಅಂದು ನೀವು ಅದೇ ರಿಕ್ಷಾದಲ್ಲಿ ಹಿಂದೆ ಹೋದಿರಿ. ಮರುದಿನ ಮೈ ಕೆಂಡದ ಹಾಗೆ ಸುಡುತ್ತಿತ್ತು. ತೋಳನ್ನು ಮಡಿಸಲು ಹೋದರೆ ಮಡಿಸಲು ಬರುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು, ಗುರುತು ಹತ್ತುತ್ತಿರಲಿಲ್ಲ. ಬಿಲ್ಡಿಂಗಿನ ವಾಚ್‌ಮನ್ ಮತ್ತು ನಾನು ಸೇರಿ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದೆವು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದೇ, ಪಾರ್ಕಿನ್ಸನ್ ಮಾತ್ರೆ ನಿಲ್ಲಿಸಿದಿರಾ ಅಂತ. ಇಲ್ಲ ಅಂದೆ, ನನಗೆ ಗೊತ್ತಿದ್ದದ್ದು ಅಷ್ಟೇ. ಅಷ್ಟರಲ್ಲಿ ನೀವು ಬಂದಿರಿ. ನಮ್ಮಲ್ಲಿ ಎಲ್ಲ ಬರೋಬ್ಬರಿ ಆಗಿದೆ, ಒಂದು ರಾತ್ರಿ ಇವಳ ಮನೆಯಲ್ಲಿದ್ದರು, ಇವಳನ್ನು ಕೇಳಿ ಅಂದಿರಿ. ವಾರ್ಡಿನ ಆಯಾಗಳ ಮುಂದೆ, ಮಗಳ ಮುಂದೆ. ಆಮೇಲೆ ನಿಮ್ಮ ಅಕ್ಕನಿಗೆ, ನಮ್ಮ ಊರವರ ಸಂಘದವರಿಗೆ, ಹೋಟೆಲಿನ ಗಲ್ಲಾದಲ್ಲಿ ಕೂತು ಬಂದಬಂದವರಿಗೆಲ್ಲ ಹೇಳಿದಿರಿ, ಸೊಸೆ ಕ್ಯಾಂಟೀನ್ ಕೆಲಸಕ್ಕೆ ಓಡುತ್ತಾಳೆ, ಮುದುಕಿಯನ್ನು ನೋಡುವವರಿಲ್ಲ ಅಂತ. ಅದು ನನ್ನ ಕಿವಿಗೂ ಬಂತು. ಮೈಯೆಲ್ಲ ಉರಿದುಹೋಯಿತು.

ಜ್ವರ ಇಳಿದು ಮಾತು ಹಿಂದೆ ಬಂದ ದಿನ ಅಮ್ಮನೇ ನನಗೆ ಹೇಳಿದರು. ಒಂಬತ್ತು ದಿನವೂ ಮಾತ್ರೆ ತಗೊಂಡಿಲ್ಲ. ನೀವು ದಿನವೂ ಕೇಳುತ್ತಿದ್ದಿರಂತೆ, ಮದ್ದು ಆಯಿತಾ ಅಂತ. ಅವರು, ಊಟವೇ ಇಲ್ಲವಲ್ಲ ಮಗಾ, ಊಟಕ್ಕೆ ಮೊದಲು ಅಂದರೆ ಯಾವುದಕ್ಕೆ ಮೊದಲು ಅಂದರಂತೆ. ನೀವೂ, ಹೌದಮ್ಮ, ಖಾಲಿ ಹೊಟ್ಟೆಗೆ ಹಾಕಿದರೆ ಕರುಳು ಸುಟ್ಟೀತು, ದಶಮಿಯ ಊಟದಿಂದ ಶುರು ಮಾಡುವಾ ಅಂದಿರಂತೆ.

ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ಡಾಕ್ಟರು ಹೇಳಿದ್ದು 'ಖಾನೇ ಸೆ ಪಹಲೇ', ಏನಾದರೂ ತಿನ್ನುವ ಮೊದಲು ಅಂತ, ಅದನ್ನು ನಾನು ಊಟಕ್ಕೆ ಮೊದಲು ಅಂದುಬಿಟ್ಟೆ. ಹಿಂದಿಯವರಿಗೆ ಬಾಯಿಗೆ ಹೋದದ್ದೆಲ್ಲ ಖಾನಾ. ನಮ್ಮ ಕಡೆಯವರಿಗೆ ಅನ್ನ ಬಿದ್ದರೆ ಮಾತ್ರ ಊಟ. ಮೂರು ಇಡ್ಲಿ, ಮಸಾಲೆ ದೋಸೆ, ಮೇಲೆ ಶಿರಾ ತಿಂದವನಿಗೂ ಊಟ ಆಯಿತಾ ಅಂತ ಕೇಳಿದರೆ ಇಲ್ಲ ಅನ್ನುತ್ತಾನೆ. ಅದರಲ್ಲೂ ನೀವು ಹೋಟೆಲಿನವರು. ನಿಮ್ಮ ಬೋರ್ಡಿನಲ್ಲಿ ತಿಂಡಿಯೇ ಬೇರೆ, ಊಟವೇ ಬೇರೆ. ಹಾಗಾಗಿ ಒಂಬತ್ತು ದಿನ ಅವಲಕ್ಕಿ, ಸಾಬುದಾಣಿ, ಬಾಳೆಹಣ್ಣು, ಹಾಲು ಎಲ್ಲ ಹೊಟ್ಟೆಗೆ ಹೋಯಿತು, ಊಟ ಮಾತ್ರ ಆಗಲಿಲ್ಲ, ಮಾತ್ರೆಯೂ ಆಗಲಿಲ್ಲ. ನನ್ನ ಮನೆಯಲ್ಲಿ ಏಕಾದಶಿಯಂದೂ ಮಾತ್ರೆಯನ್ನು ನಾನೇ ಗಡಿಯಾರ ನೋಡಿ ಕೈಗೆ ಕೊಡುತ್ತಿದ್ದೆ, ಹಾಗಾಗಿ ಈ ಶಬ್ದ ಹೀಗೆ ಮೋಸ ಮಾಡೀತು ಅಂತ ನನಗೆ ಹೊಳೆದಿರಲಿಲ್ಲ.

ಅಮ್ಮ ನನ್ನ ಕೈ ಹಿಡಿದು ಭಾಷೆ ತಗೊಂಡರು. ಮಗ ಶೇಖರನಿಗೆ ಗೊತ್ತಾಗಬಾರದು, ನನ್ನನ್ನು ಮಲಗಿಸಿದ್ದು ತಾನೇ ಅಂತ ತಿಳಿದರೆ ಅವನು ಕೊರಗಿ ಸಾಯುತ್ತಾನೆ ಅಂದರು. ನಾನು ಆಯಿತು ಅಂದೆ. ಡಾಕ್ಟರಿಗೆ ಮಾತ್ರ ವರಾಂಡದಲ್ಲಿ ಹಿಡಿದು ಹೇಳಿದೆ, ಒಂಬತ್ತು ದಿನ ತಪ್ಪಿದೆ ಅಂತ. ಯಾರ ಮನೆಯಲ್ಲಿ ಅಂತ ಹೇಳಲಿಲ್ಲ. ಅವರು ನನಗೇ ಚೆನ್ನಾಗಿ ಬೈದರು, ಬೈಸಿಕೊಂಡೆ. ಡಿಸ್ಚಾರ್ಜ್ ದಿನ ಅವರು ನಿಮ್ಮ ಮುಂದೆಯೇ, ಈ ಮಾತ್ರೆ ಒಂದು ಹೊತ್ತೂ ತಪ್ಪಬಾರದು ಅಂದಾಗ ನೀವು ನನ್ನ ಕಡೆ ತಿರುಗಿ ತಲೆ ಆಡಿಸಿದಿರಿ. ಆ ಮಾತು ನಿಮಗೇ ಹೇಳಿದ್ದು ಅಂತ ನಿಮಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ಅಮ್ಮನನ್ನು ಬಾಂದ್ರಾದ ನಿಮ್ಮ ಮನೆಗೆ ಕರೆದುಕೊಂಡು ಹೋದಿರಿ.

ಯಕ್ಷಿತಾ ಹೇಳುತ್ತಿದ್ದಳು, ನೀವು ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಿ, ಅವರ ಮಂಚದ ಪಕ್ಕ ನೆಲದಲ್ಲಿ ಚಾಪೆ ಹಾಕಿ ಮಲಗುತ್ತೀರಿ ಅಂತ. ನನಗೆ ಗೊತ್ತು. ನಾನು ಮನೆ ಬಿಟ್ಟದ್ದಕ್ಕಿಂತ, ನನ್ನ ಹಿಂದೆ ಅಮ್ಮ ತನ್ನ ಚೀಲ ಹಿಡಿದು ಹೊರಟದ್ದು ನಿಮಗೆ ಹೆಚ್ಚು ಚುಚ್ಚಿದೆ. ಹಾಗಾಗಿ ಅವರು ಈಗ ನಿಮ್ಮಲ್ಲಿರುವುದಕ್ಕೆ ನಾನು ಅಡ್ಡ ಬರುವುದಿಲ್ಲ. ಹೊಟ್ಟೆ ಉರಿಯುತ್ತದೆ, ಅವರ ಮಂಚ ಖಾಲಿ ನೋಡಿದರೆ ಅಳು ಬರುತ್ತದೆ, ಆದರೂ ಅಡ್ಡ ಬರುವುದಿಲ್ಲ. ಎಲ್ಲಿದ್ದರೂ ಎದ್ದು ಓಡಾಡಿಕೊಂಡಿರಲಿ, ಅಷ್ಟೇ ನನಗೆ ಬೇಕಾದದ್ದು.

ಆದ್ದರಿಂದ ಇದಿಷ್ಟನ್ನು ಸಿಟ್ಟು ಬದಿಗಿಟ್ಟು ತಲೆಗೆ ಹಾಕಿಕೊಳ್ಳಿ. ಈ ಮಾತ್ರೆ ಜ್ವರದ ಮಾತ್ರೆಯ ಹಾಗಲ್ಲ. ಮೆದುಳಿನಲ್ಲಿ ಕಡಿಮೆಯಾದದ್ದನ್ನು ಹೊತ್ತುಹೊತ್ತಿಗೆ ತುಂಬುವಂಥದ್ದು. ತಟ್ಟನೆ ನಿಲ್ಲಿಸಿದರೆ ಕರೆಂಟು ಹೋದ ಗ್ರೈಂಡರಿನ ಹಾಗೆ ಮೈ ಇದ್ದಲ್ಲೇ ನಿಂತುಬಿಡುತ್ತದೆ, ಆಮೇಲೆ ಜ್ವರ ಏರುತ್ತದೆ, ಬುದ್ಧಿ ಮಸುಕಾಗುತ್ತದೆ. ನಿಮ್ಮ ಕಣ್ಣಿಗೆ ಕಂಡದ್ದೇ ಅದು. ಏಕಾದಶಿ, ಸಂಕಷ್ಟಿ, ಗ್ರಹಣ, ಏನೇ ಬರಲಿ, ಮಾತ್ರೆಗೆ ಉಪವಾಸ ಇಲ್ಲ. ಡಾಕ್ಟರು ಬರೆದುಕೊಟ್ಟ ಹೊತ್ತೇ ಹೊತ್ತು. ಕಡಿಮೆ ಮಾಡುವುದು, ಹೆಚ್ಚು ಮಾಡುವುದು, ಬಿಡುವುದು ಯಾವುದನ್ನೂ ನೀವು ತೀರ್ಮಾನ ಮಾಡಬೇಡಿ, ನಾನೂ ಮಾಡುವುದಿಲ್ಲ.

ವ್ರತ ಅಂತ ನೀವು ದೊಡ್ಡ ಲೋಟದಲ್ಲಿ ಹಾಲು ಕೊಡುತ್ತೀರಿ, ಅದು ಪ್ರೀತಿಯೇ. ಆದರೆ ಹಾಲು, ಮೊಸರು, ಬೇಳೆ ಮಾತ್ರೆಯ ಜೊತೆಜೊತೆಗೇ ಹೋದರೆ ಅದರ ಕಸುವು ಕಡಿಮೆಯಾಗುತ್ತದಂತೆ. ಮಾತ್ರೆ ಆಗಿ ಅರ್ಧ ಗಂಟೆ ಕಳೆದ ಮೇಲೆ ಕೊಡಿ. ನಿಮ್ಮ ಅಕ್ಕ ತಂದುಕೊಟ್ಟ ಕಬ್ಬಿಣದ ಟಾನಿಕ್ಕನ್ನು ಡಾಕ್ಟರನ್ನು ಕೇಳದೆ ಕೊಡಲೇಬೇಡಿ. ಹೊಟ್ಟೆ ತೊಳಸುತ್ತದೆ ಅಂದರೆ ಮೆಡಿಕಲ್ ಅಂಗಡಿಯಿಂದ ವಾಂತಿ ಮಾತ್ರೆ ತರಬೇಡಿ, ಅದರಲ್ಲಿ ಕೆಲವು ಈ ರೋಗಕ್ಕೆ ಆಗಿಬರುವುದೇ ಇಲ್ಲ. ರಾತ್ರಿಯ ಮಾತ್ರೆ ನಿಧಾನವಾಗಿ ಕರಗುವಂಥದ್ದು. ನುಂಗಲು ಕಷ್ಟ ಅಂತ ಅವರು ಸುಳ್ಳು ಅಳು ಅಳುತ್ತಾರೆ, ಮನಸ್ಸು ಕರಗಿ ಅದನ್ನು ಚಮಚದಲ್ಲಿ ಅರೆದು ಕೊಡಬೇಡಿ. ನಿಜವಾಗಿ ಗಂಟಲಲ್ಲಿ ಸಿಕ್ಕಿದರೆ ಡಾಕ್ಟರಿಗೆ ಹೇಳಿ.

ಒಂದು ಹೊತ್ತು ತಪ್ಪಿಹೋದರೆ ಮುಂದಿನ ಹೊತ್ತಿಗೆ ಎರಡನ್ನೂ ಒಟ್ಟಿಗೆ ನುಂಗಿಸುವುದು ಬೇಡ, ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಇವತ್ತಿನದ್ದನ್ನು ನಾನು ಕೇಳಿಯೇ ಬರೆಯುತ್ತಿದ್ದೇನೆ. ಬೆಳಗಿನದ್ದನ್ನು ಈಗಲೂ ಕೊಡಬಹುದು, ತಡ ಮಾಡಬೇಡಿ ಅಂದಿದ್ದಾರೆ. ಮಂಚದಿಂದ ತಟ್ಟನೆ ಎಬ್ಬಿಸಬೇಡಿ, ಸ್ವಲ್ಪ ಕೂತಿರಲಿ, ಇಲ್ಲದಿದ್ದರೆ ತಲೆ ತಿರುಗಿ ಬೀಳುತ್ತಾರೆ. ಮೂಲೆಯಲ್ಲಿ ಬೆಕ್ಕು ಕೂತಿದೆ ಅನ್ನುತ್ತಾರೆ ಒಮ್ಮೊಮ್ಮೆ. ಬೆಕ್ಕು ಇರುವುದಿಲ್ಲ. ನಗಬೇಡಿ, ಗದರಬೇಡಿ, ಅದಕ್ಕೆ ಅಂತ ಮಾತ್ರೆಯನ್ನೂ ನಿಲ್ಲಿಸಬೇಡಿ, ಡಾಕ್ಟರಿಗೆ ತಿಳಿಸಿ.

ಇನ್ನೊಂದು ಮಾತು, ಇದು ಅಪ್ಪಣೆ ಅಲ್ಲ, ಕೇಳಿಕೊಳ್ಳುವುದು. ನಿಮಗೆ ಗೊತ್ತಾಯಿತು ಅಂತ ಅಮ್ಮನಿಗೆ ತೋರಿಸಬೇಡಿ. ಅವರ ಕಾಲು ಹಿಡಿದು ಅಳಬೇಡಿ ಮಾರಾಯ್ರೇ, ನಿಮ್ಮ ಸ್ವಭಾವ ನನಗೆ ಗೊತ್ತಿದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಡಿ. ಮುಖ ತೊಳೆದು ಬಂದು ಅವರಿಗೆ ಹೇಳಿ, ಡಾಕ್ಟರ್ ಫೋನ್ ಮಾಡಿದ್ದರು, ಅವಲಕ್ಕಿಯೂ ಊಟವೇ, ಬಾಳೆಹಣ್ಣೂ ಊಟವೇ ಅಂದರು ಅಂತ. ನಿಮ್ಮ ಮನೆಯಲ್ಲಿರುವಾಗ ವ್ರತದ ವಿಷಯದಲ್ಲಿ ಅವರು ಮಗನ ಮಾತನ್ನು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವವರಲ್ಲ. ನಾನು ಹೇಳಿದರೆ ಆಗುತ್ತಿದ್ದರೆ ನಿಮಗೆ ಯಾಕೆ ಬರೆಯುತ್ತಿದ್ದೆ?

ನೀವು ಬೇಕಂತ ಮಾಡಿದ್ದಲ್ಲ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಆಸ್ಪತ್ರೆಯಲ್ಲಿ ನೀವಾಡಿದ ಮಾತು ಇನ್ನೂ ಆರಿಲ್ಲ. ಆದರೂ ನಿಜ ನಿಜವೇ. ದಿನವೂ ಮದ್ದು ಆಯಿತಾ ಅಂತ ಕೇಳಿದ ಮಗ ನೀವು. ಸಂಘದವರಿಗೆ ನನ್ನ ವಿಷಯ ತಿದ್ದಿ ಹೇಳಿ ಅಂತಲೂ ನಾನು ಕೇಳುವುದಿಲ್ಲ. ಮಾತ್ರೆ ಕೊಡಿ, ಸಾಕು.

ಇಂತಿ,
ಯಕ್ಷಿತಾಳ ಅಮ್ಮ,
ಶೀಲಾವತಿ

ಮತ್ತೆ: ನಾನು ವಿಕ್ರೋಳಿಯಲ್ಲಿ ಇಲ್ಲ. ಯಕ್ಷಿತಾಳನ್ನು ಕರೆದುಕೊಂಡು ದಾದರಿನಲ್ಲಿ ರೈಲು ಬದಲಿಸಿ ಬಂದು ನಿಮ್ಮ ಬಿಲ್ಡಿಂಗಿನ ಎದುರು, ರಿಕ್ಷಾ ಸ್ಟ್ಯಾಂಡಿನ ಪಕ್ಕದ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಮೇಲೆ ಬಂದರೆ ನಮ್ಮಿಬ್ಬರ ದನಿ ಏರುತ್ತದೆ, ಏರಿದರೆ ಅಮ್ಮನ ನಡುಕ ನಿಲ್ಲುವುದಿಲ್ಲ. ಅದಕ್ಕೇ ಯಕ್ಷಿತಾಳ ಕೈಯಲ್ಲಿ ಕಾಗದ ಕೊಟ್ಟು, ನೀವು ಮಾತ್ರೆ ಕೊಟ್ಟಿರಿ ಅಂತ ಅವಳು ಬಂದು ಹೇಳುವ ತನಕ ಇಲ್ಲೇ ಕಾಯೋಣ ಅಂದುಕೊಂಡಿದ್ದೆ. ಈಗ ತಲೆ ಎತ್ತಿ ನೋಡಿದರೆ ಅಮ್ಮ ಬಾಲ್ಕನಿಯ ಕುರ್ಚಿಯಲ್ಲಿ ಒಬ್ಬರೇ ಇದ್ದಾರೆ. ಏಳಲು ನೋಡುತ್ತಿದ್ದಾರೆ, ಏಳಲು ಬರುತ್ತಿಲ್ಲ. ಯಕ್ಷಿತಾಳ ಹಿಂದೆಯೇ ನಾನೂ ಮೆಟ್ಟಿಲು ಹತ್ತುತ್ತಿದ್ದೇನೆ. ಬಾಗಿಲು ಹಾಕಬೇಡಿ.